ಪೂಜೆಗಿಟ್ಟ ಚೂರಿ

"ಮುಟ್‌ಬ್ಯಾಡ ಕಣವ್ವ! ಪೂಜೆಗಿಟ್ಟಿದ್ದನ್ನ ನಾಳೆ ಒತ್ತಾರೆ ತಂಕ ಎತ್ತಂಗಿಲ್ಲ."

ಚಿಕ್ಕಬೋರಮ್ಮನ ದನಿ ಬೆನ್ನಿಗೆ ಬಡಿದಾಗ ಐಲ್ಸಾಳ ಕೈ ಚೂರಿಯಿಂದ ಗೇಣು ದೂರದಲ್ಲಿತ್ತು. ಅವಳು ಕೈಯನ್ನು ಮುಂದಕ್ಕೂ ಚಾಚಲಿಲ್ಲ, ಹಿಂದಕ್ಕೂ ಎಳೆದುಕೊಳ್ಳಲಿಲ್ಲ.

ಗೆಜ್ಜಲಗೆರೆಯ ಆ ಮನೆಯ ನಡುಮನೆಯಲ್ಲಿ ಬಾಳೆಲೆ ಹಾಸಿ, ಮನೆಯಲ್ಲಿದ್ದ ಕಬ್ಬಿಣವನ್ನೆಲ್ಲ ಸಾಲಾಗಿ ಇಟ್ಟಿದ್ದರು. ಕಬ್ಬು ಕಡಿಯುವ ಮಚ್ಚು, ಎರಡು ಕುಡುಗೋಲು, ಗುದ್ದಲಿ, ಈಳಿಗೆಮಣೆ, ಒಂದಷ್ಟು ಸ್ಪ್ಯಾನರು. ಎಲ್ಲಕ್ಕೂ ವಿಭೂತಿ, ಕುಂಕುಮ, ಒಂದೊಂದು ಚೆಂಡುಹೂವು. ಸಾಲಿನ ಕೊನೆಗೆ, ಮಚ್ಚಿನ ಮಗ್ಗುಲಲ್ಲಿ, ಅಂಗೈಗಿಂತ ತುಸು ಉದ್ದನೆಯ ಒಂದು ಪುಟ್ಟ ಚೂರಿ. ಜಿಂಕೆ ಕೊಂಬಿನ ಹಿಡಿ. ಹಿಡಿಯ ತುದಿಗೆ ಜೇನು ಬಣ್ಣದ ಕಲ್ಲು. ಅದಕ್ಕೂ ಒಂದು ಚೆಂಡುಹೂವು ಸಂದಾಯವಾಗಿತ್ತು.

ಅದು ಐಲ್ಸಾಳ ತಾತನ ಚೂರಿ. ಅವಳ ಊರಾದ ಸ್ಕಾಟ್ಲೆಂಡಿನಲ್ಲಿ ಗಂಡಸರು ಮದುವೆ ಮುಂಜಿ ಅಂದರೆ ಚೌಕಳಿ ಲಂಗ ಉಟ್ಟು, ಮಂಡಿಯುದ್ದ ಕಾಲುಚೀಲ ಏರಿಸಿ, ಅದರ ಅಂಚಿಗೆ ಇಂಥದೊಂದು ಚೂರಿ ಸಿಕ್ಕಿಸಿಕೊಳ್ಳುತ್ತಾರೆ. ಅಲ್ಲಿ ಅದರ ಹೆಸರು ಸ್ಕೀನ್ ಡೂ. ಅವಳ ತಮ್ಮನ ಹೆಂಡತಿಯ ಊರಾದ ಮಳವಳ್ಳಿಯವರು ಅಷ್ಟು ತೊಂದರೆ ತೆಗೆದುಕೊಳ್ಳದೆ ಕಾಲುಚೀಲದ ಚೂರಿ ಎಂದುಬಿಟ್ಟಿದ್ದರು. ಎರಡು ವರ್ಷದ ಹಿಂದೆ ಅವಳ ತಮ್ಮ ಕ್ಯಾಲಮ್ ಮುತ್ತತ್ತಿಯ ಹೊಳೆಯಲ್ಲಿ ಮುಳುಗಿ ಸತ್ತ ದಿನ ಅವನ ಕಾಲುಚೀಲದಲ್ಲಿದ್ದು, ಹೆಣ ದಡಕ್ಕೆ ಬಂದಾಗ ಕಾಣೆಯಾಗಿದ್ದದ್ದು ಇದೇ.

"ಚೆಂದಾಗದಲ್ವಾ?" ಎಂದಳು ಚಿಕ್ಕಬೋರಮ್ಮ, ಸೆರಗಿನಿಂದ ಕೈ ಒರೆಸಿಕೊಳ್ಳುತ್ತ. "ಅಟ್ಟದ ಮ್ಯಾಲೆ ಬೈಕ್ ಸಾಮಾನಿನ ಡಬ್ಬದಲ್ಲಿತ್ತು ಕಣವ್ವ. ಸ್ಪ್ಯಾನರು ಉಡುಕ್ತಾ ಇದ್ನಾ, ಬಟ್ಟೇಲಿ ಸುತ್ತಿ ಮಡಗಿದ್ದ ನನ್ ಮಗ. ಕಬ್ಣ ಅಂದ್ಮೇಲೆ ಬುಡಕಾಯ್ತದಾ? ಇವತ್ತು ಪೂಜೆ ಕಾಣ್ದಿರೋ ಅಲಗು ವರ್ಸ ತುಂಬೋದ್ರೊಳಗೆ ಮನೆಯೋರ ಕೈನೇ ಕುಯ್ತದೆ."

ಐಲ್ಸಾ ಈ ಮಾತಿಗಾಗಿ ಒಂದು ವರ್ಷ ಕಾದಿದ್ದಳು.

ಹೋದ ವರ್ಷ ಇದೇ ಆಯುಧಪೂಜೆಯ ದಿನ ಮಳವಳ್ಳಿಯ ಬೀದಿಯಲ್ಲಿ ನಿಂತು ಅವಳು ಒಂದು ಸಂಗತಿ ಕಂಡುಕೊಂಡಿದ್ದಳು. ವರ್ಷವಿಡೀ ಅಟ್ಟ, ಕೊಟ್ಟಿಗೆ, ಪೆಟ್ಟಿಗೆಗಳಲ್ಲಿ ಬಿದ್ದಿರುವ ಕಬ್ಬಿಣವೆಲ್ಲ ಈ ಒಂದು ದಿನ ಈಚೆ ಬರುತ್ತದೆ. ಕದ್ದ ಚಿನ್ನವನ್ನು ಬಚ್ಚಿಟ್ಟಾರು, ಲಂಚದ ದುಡ್ಡನ್ನು ಹೂತಿಟ್ಟಾರು, ಆದರೆ ಮಂಡ್ಯ ಸೀಮೆಯ ಯಾವ ತಾಯಿಯೂ ಇವತ್ತು ಒಂದು ಅಲಗನ್ನು ಪೂಜೆಯಿಲ್ಲದೆ ಬಿಡುವವಳಲ್ಲ. ಮಗ ಬಚ್ಚಿಟ್ಟದ್ದನ್ನು ತಾಯಿ ಹೂವಿಟ್ಟು ತೋರಿಸುತ್ತಾಳೆ. ಪೊಲೀಸರಿಗೆ ಸರ್ಚ್ ವಾರೆಂಟ್ ಬೇಕು. ಐಲ್ಸಾಳಿಗೆ ಬೇಕಾದದ್ದು ಹಬ್ಬದ ನೆಪ, ಒಂದು ಡಜನ್ ಬಾಳೆಹಣ್ಣು.

"ಸಿದ್ದಣ್ಣ, ಬನ್ನಿ ಇಲ್ಲಿ," ಎಂದಳು, ದನಿ ಏರಿಸದೆ.

ಬಾಗಿಲ ಬಳಿ ಚಪ್ಪಲಿ ಬಿಡುತ್ತಿದ್ದ ಮರಿಸಿದ್ದಯ್ಯ ಒಳಗೆ ಬಂದು ಬಗ್ಗಿ ನೋಡಿದರು. ಎರಡು ವರ್ಷದ ಹಿಂದೆ ಹೆಡ್ ಕಾನ್‌ಸ್ಟೇಬಲ್ ಆಗಿದ್ದು, ಕ್ಯಾಲಮ್‌ನ ಹೆಣದ ಮಹಜರು ಬರೆದವರು ಅವರೇ. ಕಾಲು ಜಾರಿ ಬಿದ್ದು ಸಾವು, ಚೂರಿ ನೀರುಪಾಲು ಎಂದು ಎರಡೇ ಸಾಲಿನಲ್ಲಿ ಮುಗಿಸಿದ್ದರು. ನಿವೃತ್ತರಾದ ಮೇಲೆ ಆ ಎರಡು ಸಾಲು ಅವರ ನಿದ್ದೆ ಕೆಡಿಸುತ್ತಿತ್ತು. ಅದಕ್ಕೇ ತಮ್ಮ ಸ್ಕೂಟರಿನ ಹಿಂದೆ ಈ ಕೆಂಪುಕೂದಲಿನ ಹೆಂಗಸನ್ನು ಕೂರಿಸಿಕೊಂಡು ಊರೂರು ಅಲೆಯುತ್ತಿದ್ದರು.

"ಅದೇನಾ ಐಲಮ್ಮ?"

"ಅದೇ."

"ಇಂಥವು ಇನ್ನೊಂದು ಇರಕಿಲ್ವಾ? ಕೋರ್ಟಲ್ಲಿ ಮೊದ್ಲು ಕೇಳೋದೇ ಅದು."

"ತುದಿ ನೋಡಿ."

ವಿಭೂತಿಯ ಪಟ್ಟೆಯಿಂದಾಚೆ, ಅಲಗಿನ ತುದಿಯಲ್ಲಿ, ಎರಡು ಬೆರಳಗಲ ಕಪ್ಪು ಕಲೆ. ಮರಿಸಿದ್ದಯ್ಯ ಉಸಿರೆಳೆದುಕೊಂಡರು. ಆ ಕಲೆಯ ಹಿಂದೆ ಒಂದು ಮದುವೆಯೇ ಇತ್ತು.

ಮದುಮಗ ಕೈಯಲ್ಲಿ ಬಾಕು ಹಿಡಿಯಬೇಕು, ಅದರ ತುದಿಗೆ ನಿಂಬೆಹಣ್ಣು ಚುಚ್ಚಿರಬೇಕು. ಅದು ಇಲ್ಲಿನ ಕಟ್ಟಲೆ. ಕ್ಯಾಲಮ್ ಮಳವಳ್ಳಿಯ ದೀಪಿಕಳನ್ನು ಮದುವೆಯಾದ ದಿನ ಹೆಣ್ಣಿನ ಮನೆತನದ ಬಾಕು ತರಲು ಎಲ್ಲರೂ ಮರೆತು, ಛತ್ರದಲ್ಲಿ ಗದ್ದಲ ಎದ್ದಿತ್ತು. ಆಗ ಲಂಗದ ಅಳಿಯ ಎಂದು ಹೆಂಗಸರೆಲ್ಲ ಬಾಯಿಗೆ ಸೆರಗಿಟ್ಟು ನಗುತ್ತಿದ್ದ ಕ್ಯಾಲಮ್ ಕಾಲುಚೀಲದಿಂದ ಈ ಚೂರಿ ಎಳೆದು ಎತ್ತಿ ಹಿಡಿದಿದ್ದ. ಛತ್ರವೇ ಶಿಳ್ಳೆ ಹೊಡೆದಿತ್ತು. ಬೆಳಗಿನಿಂದ ಸಂಜೆಯವರೆಗೆ ನಿಂಬೆಹಣ್ಣು ಅದರ ತುದಿಯಲ್ಲೇ ಇತ್ತು.

ಕಲೆ ಹೋಗಲೆಂದು ಅವನು ಮಾರನೆಯ ದಿನ ಮದ್ದೂರಿಗೆ ಹೋಗಿ ಸಾಣೆ ಹಿಡಿಯುವ ಅಫ್ಸರ್ ಪಾಷಾಗೆ ಕೊಟ್ಟಿದ್ದ. ಅಫ್ಸರ್ ಪಾಷಾ ತಿರುಗಿಸಿ ನೋಡಿ ವಾಪಸ್ಸು ಕೊಟ್ಟಿದ್ದ. "ಹಳೇ ಉಕ್ಕು ಸಾರ್, ಹುಳಿ ಕುಡಿದುಬಿಟ್ಟಿದೆ. ಉಜ್ಜಿದರೆ ಉಕ್ಕು ಹೋಗ್ತದೆ, ಕಲೆ ಹೋಗಲ್ಲ."

ಸ್ಕಾಟ್ಲೆಂಡಿನಲ್ಲಿ ಸಾವಿರ ಚೂರಿ ಇರಬಹುದು. ಮಂಡ್ಯದ ನಿಂಬೆಹಣ್ಣು ಕಚ್ಚಿದ ಚೂರಿ ಒಂದೇ.

ಐಲ್ಸಾ ಫೋನು ತೆಗೆದು ನಾಲ್ಕು ದಿಕ್ಕಿನಿಂದ ಫೋಟೋ ಹಿಡಿದಳು. ವೀಸಾ ಮುಗಿಯಲು ಇನ್ನು ಹದಿನೆಂಟು ದಿನ. ಹೊಸ ಸಾಕ್ಷಿ ಇಲ್ಲದೆ ಮುಚ್ಚಿದ ಫೈಲು ತೆರೆಯುವುದಿಲ್ಲ ಎಂದು ಪೊಲೀಸ್ ಆಫೀಸಿನವರು ಮುಖಕ್ಕೆ ಹೊಡೆದಂತೆ ಹೇಳಿದ್ದರು. ಈಗ ಸಾಕ್ಷಿ ಹೂ ಮುಡಿದುಕೊಂಡು ಕಾಲ ಬುಡದಲ್ಲಿತ್ತು. ಆದರೆ ನಾಳೆ ಬೆಳಗಿನವರೆಗೆ ಮುಟ್ಟುವಂತಿಲ್ಲ. ತಾನು ಬಾಗಿಲು ದಾಟಿದರೆ ಅದು ನಾಳೆ ಬೆಳಿಗ್ಗೆ ಇಲ್ಲಿರುತ್ತದೆಯೇ?

ಎರಡು ವರ್ಷ ದಿನಾ ಬೆಳಿಗ್ಗೆ ಕಣ್ಣು ಬಿಟ್ಟೊಡನೆ ಅವಳು ನೆನೆಯುತ್ತಿದ್ದದ್ದು ದೇವರನ್ನಲ್ಲ, ಈ ಮನೆಯ ಮಗ ಜಯಪ್ರಕಾಶನನ್ನು. ದೀಪಿಕಳ ಸೋದರಮಾವನ ಮಗ. ಹುಟ್ಟಿದಾಗಲೇ ದೀಪಿಕ ಇವನಿಗೆ ಎಂದು ಮಾತಾಗಿತ್ತಂತೆ. ಎಲ್ಲಿಂದಲೋ ಯಂತ್ರ ಜೋಡಿಸಲು ಇವನ ಫ್ಯಾಕ್ಟರಿಗೇ ಬಂದ ಕ್ಯಾಲಮ್, ಇವನ ಮನೆಯ ಮುದ್ದೆ ಉಂಡು, ಇವನ ಜೊತೆಯೇ ಮಳವಳ್ಳಿಗೆ ಹೋಗಿ ದೀಪಿಕಳನ್ನು ಕಂಡು ಮೆಚ್ಚಿದ. ಇಷ್ಟು ಸಾಕಲ್ಲವೇ ಒಬ್ಬನನ್ನು ಹೊಳೆಗೆ ನೂಕಲು?

ಇವತ್ತು ಬೆಳಿಗ್ಗೆ ಹೊರಡುವಾಗ ದೀಪಿಕ ತಡೆದಿದ್ದಳು. ತಮ್ಮ ಸತ್ತ ಮೇಲೆ ಐಲ್ಸಾ ಇದ್ದದ್ದು ಅವಳ ಮನೆಯಲ್ಲೇ, ಮಳವಳ್ಳಿಯ ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡುತ್ತ. ಹಬ್ಬದ ಸೆಕೆಯಲ್ಲೂ ಉದ್ದ ತೋಳಿನ ರವಿಕೆ ತೊಟ್ಟು, ಐಲ್ಸಾ ಮದುವೆಗೆ ಉಡುಗೊರೆ ಕೊಟ್ಟಿದ್ದ ನಾಲ್ಕು ಅಡುಗೆ ಚಾಕುಗಳಿಗೆ ದೀಪಿಕ ಕುಂಕುಮ ಇಡುತ್ತಿದ್ದಳು. ಕೈ ಚಾಚಿದಾಗ ತೋಳು ಸರಿದು ಎಡಗೈಯ ಉದ್ದನೆಯ ಗಾಯದ ಗುರುತು ಕಂಡಿತ್ತು. ಈಳಿಗೆಮಣೆ ತಗುಲಿದ್ದು ಎಂದು ಯಾವಾಗಲೋ ಹೇಳಿದ್ದಳು.

"ಹಬ್ಬದ ದಿನ ಎಲ್ಲಿಗೆ ಅಕ್ಕಾ? ಎಷ್ಟು ದಿನಾಂತ ಹಿಂಗೆ ಹುಡುಕ್ತಾ ಇರ್ತೀರಿ? ನಿಮ್ಮ ಹೊಟ್ಟೇಲಿ ಬೆಂಕಿ ಇಟ್ಕೊಂಡು ನನಗೂ ಉಣ್ಣಕ್ಕೆ ಬಿಡಲ್ಲ ನೀವು," ಎಂದು ಮುಖ ಊದಿಸಿದ್ದಳು. ಐಲ್ಸಾ ಅವಳ ಕೆನ್ನೆ ಚಿವುಟಿ ಹೊರಟುಬಂದಿದ್ದಳು. ಈ ಹುಡುಗಿಗೋಸ್ಕರವೂ ಆ ಬೆಂಕಿ ಆರಬಾರದು ಎಂದುಕೊಂಡಿದ್ದಳು.

ಹೊರಗೆ ಬೈಕು ನಿಂತ ಸದ್ದು.

ಫ್ಯಾಕ್ಟರಿಯ ಪೂಜೆ ಮುಗಿಸಿ ಬಂದ ಜಯಪ್ರಕಾಶನ ಒಂದು ಕೈಯಲ್ಲಿ ಕಡ್ಲೆಪುರಿ ಪೊಟ್ಟಣ, ಹಣೆಯಲ್ಲಿ ಅಗಲ ಕುಂಕುಮ. ಐಲ್ಸಾಳನ್ನು ಕಂಡು ನಕ್ಕ. ಆಮೇಲೆ ಅವಳ ಕಣ್ಣು ಇದ್ದ ಕಡೆ ನೋಡಿದ. ಪೊಟ್ಟಣ ಕೆಳಗೆ ಬಿದ್ದು ಪುರಿ ಚೆಲ್ಲಿತು.

"ಅವ್ವಾ... ಇದನ್ನ ಯಾಕೆ ಈಚೆ ತಗ್ದೆ?"

"ಯಾಕ್ಲಾ, ಪೂಜೆ ಮಾಡಬಾರ್ದಿತ್ತಾ?" ಚಿಕ್ಕಬೋರಮ್ಮ ಬಗ್ಗಿ ಪುರಿ ಬಾಚತೊಡಗಿದಳು. "ನೋಡು, ಅಬ್ಬದ ಪರ್ಸಾದ ಎಂಗೆ ಚೆಲ್ದೆ."

"ಕುಂತ್ಕೊ ಜಯಪ್ರಕಾಶ," ಎಂದಳು ಐಲ್ಸಾ.

ಅವಳ ಕನ್ನಡ ಮಳವಳ್ಳಿಯ ಬೀದಿಯಲ್ಲಿ ಕಲಿತದ್ದು. ಮಾಮೂಲಿಗೆ ಅದನ್ನು ಕೇಳಿದವರು ನಗುತ್ತಿದ್ದರು. ಈಗ ಯಾರೂ ನಗಲಿಲ್ಲ.

"ಓಡಬ್ಯಾಡ. ಬಾಗ್ಲಲ್ಲಿ ಸಿದ್ದಣ್ಣ ಅವ್ರೆ."

"ಓಡಕೆ ನಾನೇನ್ ಮಾಡಿವ್ನಿ ಮೇಡಂ?"

"ನನ್ ತಮ್ಮನ್ನ ಕೊಂದಿದ್ದೀಯ."

ಚಿಕ್ಕಬೋರಮ್ಮನ ಕೈಯಲ್ಲಿದ್ದ ಪುರಿ ಮತ್ತೆ ನೆಲಕ್ಕೆ ಬಿತ್ತು. "ಅಯ್ಯೋ, ಸಿವನೇ! ಅಬ್ಬದ ದಿನ ಏನ್ ಮಾತು ಅಂತ ಆಡ್ತಿಯವ್ವ! ನಿನ್ ತಮ್ಮ ಈ ನಡುಮನೇಲೇ ಕುಂತು ನನ್ ಕೈ ಮುದ್ದೆ ಉಂಡವ್ನೆ!"

"ಉಂಡವ್ನೆ ಅಂತ ಗೊತ್ತು ಅಮ್ಮ. ಅದಕ್ಕೇ ನಂಗೆ ಜಾಸ್ತಿ ಉರೀತದೆ."

ಅವಳು ಫೋನಿನಲ್ಲಿದ್ದ ಇನ್ನೊಂದು ಫೋಟೋ ತೆಗೆದು ಅವನ ಮುಖದೆದುರು ಹಿಡಿದಳು. ಮದುವೆಯಾಗಿ ವರ್ಷ ತುಂಬಿದ ದಿನ, ಮುತ್ತತ್ತಿಯ ಆಂಜನೇಯನ ಗುಡಿಯ ಮುಂದೆ, ಅದೇ ಲಂಗ, ಅದೇ ಕಾಲುಚೀಲ, ಅಂಚಿನಲ್ಲಿ ಜೇನು ಬಣ್ಣದ ಕಲ್ಲು. ಫೋಟೋ ಹಿಡಿದವಳು ದೀಪಿಕ. ಅದನ್ನು ಹಿಡಿದು ತಾನು ಮಂಗಳಾರತಿಗೆ ಒಳಗೆ ಹೋದೆ, ಈಚೆ ಬರುವಷ್ಟರಲ್ಲಿ ಅವನಿರಲಿಲ್ಲ ಎಂದು ಅವಳು ಹೇಳಿಕೆ ಕೊಟ್ಟಿದ್ದಳು.

"ಬೆಳಿಗ್ಗೆ ಹತ್ತು ನಲವತ್ತಕ್ಕೆ ಚೂರಿ ಅವನ ಕಾಲುಚೀಲದಲ್ಲಿ ಅದೆ. ಸಾಯಂಕಾಲ ಎಣ ಸಿಕ್ದಾಗ ಇಲ್ಲ. ಇವತ್ತು ನಿನ್ ಮನೇಲದೆ. ಯೋಳು, ಎಂಗೆ ಬಂತು?"

"ನಾನು ಅವತ್ತು ಮುತ್ತತ್ತಿಗೇ ಬಂದಿರ್ಲಿಲ್ಲ. ಫಸ್ಟ್ ಸಿಫ್ಟು. ಆರರಿಂದ ಎರಡು. ಬೇಕಾರೆ ಇವ್ರನ್ನೇ ಕೇಳಿ."

ಮರಿಸಿದ್ದಯ್ಯ ಗಂಟಲು ಸರಿಮಾಡಿಕೊಂಡರು. "ಅದು ದಿಟ ಐಲಮ್ಮ. ನಾನೇ ಓಗಿ ನೋಡಿವ್ನಿ. ಗೇಟಿನ ಕ್ಯಾಮರಾದಲ್ಲಿ ಅವ್ನೆ."

"ಅವನು ಇಲ್ಲಿದ್ದ, ಅವನು ಬುಟ್ಟ ಆಳು ಅಲ್ಲಿದ್ದ," ಎಂದಳು ಐಲ್ಸಾ. "ಕೆಲಸ ಆಯ್ತು ಅನ್ನೋ ಗುರುತಿಗೆ ಇದನ್ನ ತಂದ್ಕೊಟ್ಟವ್ರೆ. ಎರಡು ವರ್ಸದಿಂದ ನಾನು ಒಂದೇ ಯೋಚ್ನೆ ಮಾಡಿವ್ನಿ ಜಯಪ್ರಕಾಶ. ನಿನ್ನ ಜೈಲಿಗೆ ಆಕ್ಸೋದಲ್ಲ. ಜೈಲಲ್ಲಿ ಊಟ ಸಿಗ್ತದೆ, ನಿದ್ದೆ ಬತ್ತದೆ. ಅದೇ ಒಳೆಗೆ ನಿನ್ ತಲೆ ಅದ್ದಿ ಇಡ್ಕೋಬೇಕು. ಅವನಿಗೆ ಉಸ್ರು ಎಷ್ಟೊತ್ತು ಕಟ್ಟಿತ್ತೋ ಅಷ್ಟೊತ್ತು."

ಅವಳು ಮಾತು ಮುಗಿಸಿದಾಗ ಕೈ ತಾನಾಗಿ ಬಾಳೆಲೆಯತ್ತ ಇಳಿದಿತ್ತು. ಚೂರಿಗೆ ಎರಡೇ ಬೆರಳು ದೂರ. ಚಿಕ್ಕಬೋರಮ್ಮ ಅವಳ ಮಣಿಕಟ್ಟನ್ನು ಹಿಡಿದುಕೊಂಡಳು. ಮುದುಕಿಯ ಹಿಡಿತ ಗಟ್ಟಿಯಾಗಿತ್ತು.

"ಬ್ಯಾಡ ಕಣ್ ಮಗ. ಇವತ್ತು ಯಾವ ಅಲಗೂ ಕೆಲ್ಸ ಮಾಡಂಗಿಲ್ಲ."

ಐಲ್ಸಾ ಕೈ ಬಿಡಿಸಿಕೊಂಡಳು. "ಮಾತಾಡು ಮತ್ತೆ! ಕದ್ದ ಮಾಲು ಅಟ್ಟದ ಮ್ಯಾಲೆ ಮಡಿಕ್ಕೊಂಡಿದ್ದೀಯ, ಕಳ್ಳ!"

ಕೊಲೆಗಾರ ಎಂದಾಗ ಸುಮ್ಮನಿದ್ದವನಿಗೆ ಕಳ್ಳ ಎಂದದ್ದು ಚುರ್ ಎಂದಿತು. ತಾಯಿಯ ಎದುರಿಗೆ, ಹಬ್ಬದ ದಿನ, ಸ್ವಂತ ಮನೆಯ ನಡುಮನೆಯಲ್ಲಿ.

"ಕದ್ದಿದ್ದಲ್ಲ!" ಎಂದ. "ಕೊಟ್ಟೋರ ಕೈಯಿಂದ ಇಸ್ಕೊಂಡಿದ್ದು. ಅದೂ ಪುಕ್ಸಟ್ಟೆ ಅಲ್ಲ, ಒಂದು ರೂಪಾಯಿ ಕೊಟ್ಟಿವ್ನಿ. ಚಾಕು ಸುಮ್ನೆ ಕೊಟ್ರೆ ನಂಟು ಕಡ್ದೋಯ್ತದೆ, ಒಂದು ರೂಪಾಯಾದ್ರೂ ಕೊಡು ಅಂತ ಕೇಳಿ ಇಸ್ಕೊಂಡ್ರು."

ಹೇಳಿದ ಮೇಲೆ ಅವನು ಬಾಯಿ ಮುಚ್ಚಿಕೊಂಡ. ತಡವಾಗಿತ್ತು.

ಐಲ್ಸಾ ಮೆಲ್ಲಗೆ ಗೋಡೆಗೆ ಒರಗಿದಳು.

ಈ ಸೀಮೆಯಲ್ಲಿ ಚಾಕುವನ್ನು ಕೈಯಿಂದ ಕೈಗೆ ಕೊಡುವುದಿಲ್ಲ, ಕೆಳಗಿಡುತ್ತಾರೆ, ಬೇಕಾದವರು ಎತ್ತಿಕೊಳ್ಳುತ್ತಾರೆ. ಅದು ಅವಳಿಗೆ ಗೊತ್ತು. ಆದರೆ ಚಾಕು ಕೊಟ್ಟು ನಾಣ್ಯ ಕೇಳುವವರು ಇಲ್ಲಿ ಯಾರೂ ಇಲ್ಲ. ಅದು ಅವಳ ಅಜ್ಜಿಯ ಮನೆಯ ಕಟ್ಟಲೆ, ಏಳು ಸಮುದ್ರದ ಆಚೆಯದು. ಕ್ಯಾಲಮ್ ಅದನ್ನು ಎಂದೂ ಲೆಕ್ಕಕ್ಕೆ ಇಟ್ಟವನಲ್ಲ. ಇಲ್ಲಿಗೆ ಬಂದ ಮೇಲೆ ಐಲ್ಸಾ ಅದನ್ನು ಹೇಳಿದ್ದು ಒಬ್ಬಳಿಗೆ, ಒಂದೇ ಸಲ. ನಾಲ್ಕು ಅಡುಗೆ ಚಾಕುಗಳ ಉಡುಗೊರೆ ಕೊಟ್ಟು, "ತೆಗೆ ಒಂದು ರೂಪಾಯಿ, ಇಲ್ಲಾಂದ್ರೆ ನಮ್ಮ ನಂಟು ಕತ್ತರಿಸಿಹೋಗುತ್ತೆ," ಎಂದು ಕೈಯೊಡ್ಡಿದ್ದಳು. ಮದುಮಗಳು ಬಿದ್ದು ಬಿದ್ದು ನಕ್ಕು, ಅರಿಶಿನದ ಕೈಯಲ್ಲೇ ತಡಕಾಡಿ, ಹಳದಿ ಹತ್ತಿದ ನಾಣ್ಯ ಕೊಟ್ಟಿದ್ದಳು.

ಆ ನಾಣ್ಯ ಇವತ್ತಿಗೂ ಐಲ್ಸಾಳ ಪರ್ಸಿನಲ್ಲಿತ್ತು.

"ದೀಪಿಕ ಕೊಟ್ಳಾ?"

ಜಯಪ್ರಕಾಶ ನೆಲ ನೋಡಿದ.

"ನನ್ ಮುಖ ನೋಡಿ ಯೋಳು. ದೀಪಿಕ ಕೊಟ್ಳಾ?"

ಅವನು ತಲೆಯೆತ್ತಲಿಲ್ಲ. ಉತ್ತರಕ್ಕೆ ಅಷ್ಟು ಸಾಕಾಗಿತ್ತು.

ಐಲ್ಸಾಳ ಒಳಗಿದ್ದ ದ್ವೇಷ ಎರಡು ವರ್ಷ ಕಟ್ಟಿಹಾಕಿದ್ದ ಗೂಟ ಕಿತ್ತುಕೊಂಡು ಹೊರಟಿತು. ಗೆಜ್ಜಲಗೆರೆಯಿಂದ ಮಳವಳ್ಳಿಗೆ ಅದಕ್ಕೆ ಎಷ್ಟು ಹೊತ್ತಿನ ದಾರಿ? ದೀಪಿಕಳ ಕೈಯ ಅನ್ನ ಉಂಡೆ. ಅವಳ ಪಕ್ಕದ ಚಾಪೆಯಲ್ಲಿ ಮಲಗಿದೆ. ತಿಥಿಯ ದಿನ ಅವಳು ಅತ್ತಾಗ ನಾನೇ ತಬ್ಬಿಕೊಂಡು ಸಮಾಧಾನ ಮಾಡಿದೆ. ನಾಚಿಕೆಗೆಟ್ಟವಳು, ಅದೇ ಕೈಯಲ್ಲಿ ದಿನಾ ನನಗೆ ಕಾಫಿ ಬೆರೆಸಿ ಕೊಟ್ಟಳಲ್ಲ!

"ನಡೀರಿ ಸಿದ್ದಣ್ಣ," ಎಂದಳು. "ಮಳವಳ್ಳಿಗೆ."

"ನಿಂತ್ಕೊಳಿ ಮೇಡಂ!" ಜಯಪ್ರಕಾಶ ಬಾಗಿಲಿಗೆ ಅಡ್ಡ ಬಂದ. ಅವನ ಕಣ್ಣಲ್ಲಿ ನೀರಿತ್ತು. "ಅವಳ್ನ ಏನಾರ ಅನ್ನೋಕ್ ಮುಂಚೆ ಪೂರ್ತಿ ಕೇಳ್ಕೊಂಡೋಗಿ. ಎಣ ಸಿಕ್ಕಿದ ಸಾಯಂಕಾಲ ಆಸ್ಪತ್ರೆ ಇಂದ್ಗಡೆ ಕರುದ್ಲು. ಸೆರಗು ಪೂರ್ತಿ ಹೊದ್ಕೊಂಡಿದ್ಲು. ಒಳಗಿಂದ ಚೂರಿ ತಗ್ದು ಕೊಟ್ಲು. ಒಳೆಗೆ ಬಿಸಾಕ್ಬುಡ್ತೀನಿ ಅಂದೆ. ಬ್ಯಾಡ ಬಾವ, ತೊಳೀಲೂ ಬ್ಯಾಡ, ಒಂದಿನ ಬೇಕಾಯ್ತದೆ ಅಂದ್ಲು."

"ತೊಳೀಬ್ಯಾಡ ಅಂತ ಯಾಕೆ?"

"ರಕ್ತ ಇತ್ತು. ಹಿಡಿ ತಂಕ ರಕ್ತ. ಸುತ್ತಿದ್ದ ಬಟ್ಟೆ ಇನ್ನೂ ಅಟ್ಟದ್ಮೇಲೇ ಇರಬೇಕು."

"ಆ ಕರೇ ಬಟ್ಟೆನಾ?" ಎಂದಳು ಚಿಕ್ಕಬೋರಮ್ಮ, ಸಣ್ಣ ದನಿಯಲ್ಲಿ. "ಅಲ್ಲೇ ಅದೆ. ಚೂರಿನ ಮಾತ್ರ ಉಣಸೆಹಣ್ಣು ಆಕಿ ಬೆಳಗ್ದೆ ಕಣ್ಲಾ. ತುಕ್ಕು ಅಂದ್ಕೊಂಡೆ."

ಮರಿಸಿದ್ದಯ್ಯ ಬಾಗಿಲ ಚೌಕಟ್ಟಿಗೆ ಕೈ ಊರಿ ನಿಂತರು.

"ಐಲಮ್ಮ," ಎಂದರು. "ಮಹಜರು ಬರ್ದೋನು ನಾನು. ಎಣಾನ ಮಗ್ಗುಲು ತಿರುಗ್ಸಿ ತಿರುಗ್ಸಿ ನೋಡಿವ್ನಿ. ಡಾಕ್ಟ್ರೂ ಅದನ್ನೇ ಬರುದ್ರು. ನಿನ್ ತಮ್ಮನ ಮೈ ಮ್ಯಾಲೆ ಒಂದು ಗೀರೂ ಇರ್ಲಿಲ್ಲ ಕಣಮ್ಮ."

ಗೀರಿಲ್ಲ. ಹಾಗಾದರೆ ರಕ್ತ ಅವನದಲ್ಲ.

ಐಲ್ಸಾಳಿಗೆ ಬೆಳಗಿನ ಅಡುಗೆಮನೆ ಕಂಡಿತು. ಕುಂಕುಮದ ಬಟ್ಟಲಿಗೆ ಚಾಚಿದ ಎಡಗೈ. ಸರಿದ ತೋಳು. ಮಣಿಕಟ್ಟಿನಿಂದ ಮೊಣಕೈವರೆಗೆ ಓಡಿದ್ದ ಗಾಯದ ಗುರುತು. ಹೆಂಗಸರು ಈಳಿಗೆಮಣೆಯ ಮುಂದೆ ಕೂತರೆ ಬೆರಳು ಕುಯ್ಯುತ್ತದೆ, ಹೆಚ್ಚೆಂದರೆ ಅಂಗೈ. ಮೊಣಕೈವರೆಗೆ ಕುಯ್ಯುವುದು ಹೇಗೆ ಎಂದು ಎರಡು ವರ್ಷದಲ್ಲಿ ಒಂದು ಸಲವೂ ಅವಳಿಗೆ ಹೊಳೆದಿರಲಿಲ್ಲ. ಹೊಳೆಯುವುದು ಅವಳಿಗೆ ಬೇಕಿರಲಿಲ್ಲವೋ ಏನೋ. ಎದುರಿನವನು ಚೂರಿ ಬೀಸಿದಾಗ ಅಡ್ಡ ಹಿಡಿದ ಕೈಗೇ ಹಾಗೆ ಕುಯ್ಯುವುದು, ಆ ಚೂರಿ ಇದ್ದದ್ದು ಕ್ಯಾಲಮ್‌ನ ಕಾಲುಚೀಲದಲ್ಲಿ.

ಕೈಯಲ್ಲಿದ್ದ ಫೋನು ಬಡಿದುಕೊಂಡಿತು. ಪರದೆಯ ಮೇಲೆ ದೀಪಿಕಳ ಹೆಸರು.

ಉಳಿದ ಮೂವರೂ ಫೋನನ್ನೇ ನೋಡಿದರು. ನಾಲ್ಕನೆಯ ರಿಂಗಿಗೆ ಐಲ್ಸಾ ಎತ್ತಿದಳು.

"ಅಕ್ಕಾ, ಎಲ್ಲಿದ್ದೀರಾ? ಒಬ್ಬಟ್ಟು ಆಯ್ತು. ಎಲೆ ಹಾಕಿ ಕಾಯ್ತಾ ಇದ್ದೀನಿ."

ಕೊಂದವರು ಎದುರು ಸಿಕ್ಕ ದಿನ ಕೇಳಬೇಕೆಂದು ಎರಡು ವರ್ಷ ಸಾಣೆ ಹಿಡಿದಿಟ್ಟುಕೊಂಡಿದ್ದ ಪ್ರಶ್ನೆ ಅವಳ ನಾಲಿಗೆಯ ತುದಿಯಲ್ಲೇ ಇತ್ತು. ಯಾಕೆ ಕೊಂದೆ? ಎರಡೇ ಮಾತು. ಆದರೆ ಬಾಯಿಂದ ಬಂದದ್ದು ಬೇರೆ.

"ದೀಪು, ನಿನ್ನ ಕೈ ಗಾಯ ಈಳಿಗೆಮಣೆದಲ್ಲ. ಅಲ್ವಾ?"

ಆ ಕಡೆ ಒಲೆಯ ಮೇಲಿನ ಹೆಂಚು ಕೆಳಗಿಳಿಸಿದ ಸದ್ದು. ಗ್ಯಾಸ್ ಆರಿಸಿದ ಸದ್ದು.

ಆಮೇಲೆ, ಎರಡು ವರ್ಷದ ಭಾರ ಇಳಿಸಿದವಳ ದನಿಯಲ್ಲಿ, ದೀಪಿಕ ಕೇಳಿದಳು:

"ಕೊನೆಗೂ ಚೂರಿ ಸಿಕ್ತಾ ಅಕ್ಕಾ?"